ಪಾರುವಿನ ಉಸಿರು ಹೊತ್ತ ಗಾಡಿ

ಕಿತ್ತೂರಿನಿಂದ ಗಾಡಿ ಹೊರಟಾಗ ಬಿಸಿಲು ಏರಿತ್ತು. ಮುಂದೆ ದಸ್ತಗೀರಣ್ಣ ಸ್ಟೇರಿಂಗ್ ಹಿಡಿದಿದ್ದರು, ಪಕ್ಕದಲ್ಲಿ ನಮ್ಮನಿಯವರು. ಹಿಂದೆ ಮನೆಯಂಥ ಆ ಡಬ್ಬಿಯೊಳಗೆ ನಾನೊಬ್ಬಳೇ ಹಾಸಿಗೆಯ ಮೇಲೆ ಕುಳಿತಿದ್ದೆ. ಕಿಡಕಿಯ ಪರದೆ ಸರಿಸಿದರೆ ಹೈವೇ ಕಾಣುತ್ತಿತ್ತು, ನಳ ತಿರುವಿದರೆ ನೀರು ಬರುತ್ತಿತ್ತು, ಗುಂಡಿ ಒತ್ತಿದರೆ ಟ್ಯೂಬ್‌ಲೈಟು ಹತ್ತುತ್ತಿತ್ತು. ಅರಮನೆಯಲ್ಲಿ ಕುಳಿತವರಿಗೂ ನನ್ನಷ್ಟು ಹಿಗ್ಗು ಆಗಿರಲಿಕ್ಕಿಲ್ಲ. ಆ ಹಿಗ್ಗು ಎರಡು ದಿನವೂ ಬಾಳಲಿಲ್ಲ. ಅದನ್ನೇ ಈಗ ಹೇಳಬೇಕಾಗಿದೆ.

ಇಷ್ಟು ದೊಡ್ಡ ಗಾಡಿ ನಮಗೆ ಬೇಕಾದದ್ದು ಏಳು ವರ್ಷದ ಒಂದು ಹುಡುಗಿಗಾಗಿ. ನಾವಿರುವುದು ಬೈಲಹೊಂಗಲದಲ್ಲಿ. ಮಗಳು ಶಶಿಕಲಾಳನ್ನು ಕೊಟ್ಟದ್ದು ರಾಮದುರ್ಗದ ಆಚೆ, ಸುರೇಬಾನಕ್ಕೆ. ಅವಳ ಮಗಳು ಪಾರುಗೆ ಸಣ್ಣಂದಿನಿಂದ ದಮ್ಮು. ದಮ್ಮು ಎದ್ದರೆ ಕೂಸಿನ ಪಕ್ಕೆಲುಬು ಒಳಗೆ ಎಳೆದು ಎಣಿಸುವ ಹಾಗೆ ಕಾಣುತ್ತವೆ, ತುಟಿ ಕಪ್ಪಿಡುತ್ತದೆ. ಆಗ ಔಷಧವನ್ನು ಹೊಗೆ ಮಾಡಿ ಮೂಗಿಗೆ ಕೊಡುವ ಒಂದು ಮಷಿನ್ ಹಚ್ಚಬೇಕು. ದವಾಖಾನೆಯಲ್ಲಿ ಅದಕ್ಕೆ ಬೇರೆ ಹೆಸರಿದೆ, ನಾವು ಉಸಿರಿನ ಮಷಿನ್ ಅನ್ನುತ್ತೇವೆ. ಅದು ಕರೆಂಟಿನ ಮೇಲೆ ನಡೆಯುತ್ತದೆ, ಸುರೇಬಾನದಲ್ಲಿ ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಯಾರಿಗೂ ತಿಳಿಯದು. ಹೀಗಾಗಿ ಪಾರು ನಮ್ಮ ಹತ್ತಿರವೇ ಬೆಳೆದಳು. ಅವ್ವ-ಅಪ್ಪ ತಿಂಗಳಿಗೊಮ್ಮೆ ಬಂದು ಹೋಗುವ ನೆಂಟರಾದರು. ಒಮ್ಮೆ ಶಶಿ ಬಸ್ಸು ಹತ್ತುವಾಗ ಪಾರು ಕೈ ಬೀಸಿ, "ಹೋಗಿ ಬರ್ರಿ" ಅಂದಳು. ಬೀಗರಿಗೆ ಹೇಳುವಂತೆ ಹೇಳಿದಳು. ಶಶಿ ಬಸ್ಸಿನಲ್ಲಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡದ್ದನ್ನು ನಾನು ನೋಡಿದೆ.

ಈ ವರ್ಷ ಶಶಿಗೆ ಗಂಡು ಕೂಸು ಹುಟ್ಟಿತು. ಎರಡನೆಯ ಹೆರಿಗೆಯಾದ್ದರಿಂದ ಅಲ್ಲೇ ಗಂಡನ ಮನೆಯಲ್ಲಿ ಆಯಿತು. ತಮ್ಮನ ಸುದ್ದಿ ಕೇಳಿದ ದಿನದಿಂದ ಪಾರು ಅಜ್ಜಿಯಾದ ನನ್ನ ಮುಂದೆ ಒಂದೇ ಹಟ ಹಿಡಿದಳು, "ಆಯಿ, ನಾನೂ ನಮ್ಮನಿಗೆ ಹೋಗತೇನಿ." ಅದೇ ಹೊತ್ತಿಗೆ ನೇಸರಗಿಯ ದಸ್ತಗೀರಣ್ಣ, ಅಂದರೆ ನಮ್ಮನಿಯವರ ಹಳೆಯ ದೋಸ್ತ, ಲಾರಿ ಓಡಿಸಿ ಓಡಿಸಿ ತಲೆ ನೆರೆದವರು, ಸುದ್ದಿ ತಂದರು. ಕಿತ್ತೂರಿನ ಹತ್ತಿರ ಹೈವೇ ಕೆಲಸ ಮುಗಿದಿದೆ, ಅಲ್ಲಿಯ ಎಂಜಿನಿಯರ್ ಸಾಹೇಬರು ರಸ್ತೆ ಮೇಲೇ ವಸ್ತಿ ಇರಲು ಮಾಡಿಸಿಕೊಂಡಿದ್ದ ಮಿನಿ ಲಾರಿ ಮಾರಾಟಕ್ಕಿದೆ. ಒಳಗೆ ಸ್ವಂತ ಕರೆಂಟು, ಸ್ವಂತ ನೀರು. ಅದನ್ನು ಒಯ್ದು ಶಶಿಯ ಅಂಗಳದಲ್ಲಿ ನಿಲ್ಲಿಸಿದರೆ ಊರಿನ ಕರೆಂಟು ಹೋದರೂ ಪಾರುವಿನ ಮಷಿನ್ ನಡೆಯುತ್ತದೆ. ಅಂದರೆ ಪಾರು ತನ್ನ ಮನೆಯಲ್ಲಿ ಇರಬಹುದು. ನಮ್ಮನಿಯವರು ಎರಡನೆಯ ಮಾತು ಆಡಲಿಲ್ಲ.

ಕಿತ್ತೂರಿನಲ್ಲಿ ಸಾಮಾನು ಕಾಯುತ್ತಿದ್ದ ಸ್ಟೋರ್‌ಕೀಪರ್ ನಮಗೆ ಗಾಡಿ ತೋರಿಸಿದ. ಹಾಸಿಗೆಯ ಹಲಗೆ ಎತ್ತಿದರೆ ಕೆಳಗೆ ಎರಡು ದಪ್ಪ ಬ್ಯಾಟರಿ, ಅವುಗಳ ಪಕ್ಕ ಇನ್ವರ್ಟರ್ ಡಬ್ಬಿ. ಆಚೆ ಕೂರುವ ಬಾಕಿನ ಕೆಳಗೆ ನೀರಿನ ಟಾಕಿ. ನಳ ತಿರುವಿದ ಕೂಡಲೇ ಒಂದು ಗಿಡ್ಡ ಪಂಪು ತಾನೇ ಗುರ್ರೆಂದು ನೀರು ಎಳೆಯುತ್ತಿತ್ತು, ನಳ ಮುಚ್ಚಿದರೆ ತಾನೇ ಸುಮ್ಮನಾಗುತ್ತಿತ್ತು. ಬ್ಯಾಟರಿಗೂ ಆಗಾಗ ಬಾಟಲಿ ನೀರು ಹಾಕಬೇಕು ಅಂತ ಆತ ಹೇಳಿದಾಗ ನಮ್ಮನಿಯವರು ನಕ್ಕರು, "ಇದಕ್ಕೂ ನೀರಡಿಕಿ ಆಗತೈತೇನು?"

ಕೊನೆಗೆ ಆತ ಹಲಗೆಯ ಬದಿಗಿದ್ದ ಕೆಂಪು ಹಿಡಿಕೆ ತೋರಿಸಿದ. "ಇದನ್ನ ಲಕ್ಷ್ಯ ಇಡ್ರಿ. ಎಂಜಿನ್ ಚಾಲೂ ಇದ್ದಾಗ ಇದೂ ಚಾಲೂ ಇರಬೇಕು. ಆಗ ಎಂಜಿನ್ನಿನ ಕರೆಂಟು ಈ ಬ್ಯಾಟರಿಗೆ ಬರತೈತಿ. ಗಾಡಿ ನಿಂತ್ರ ಇದೂ ಬಂದ್. ಇಲ್ಲಂದ್ರ ಹಿಂದಿನ ಮನಿ ಮುಂದಿನ ಬ್ಯಾಟರೀನ್ನೂ ಕುಡದು ಬಿಡತೈತಿ, ಗಾಡಿ ಹತ್ತಂಗಿಲ್ಲ."

"ತಿಳೀತು, ತಿಳೀತು" ಅಂದರು ನಮ್ಮನಿಯವರು. ದಸ್ತಗೀರಣ್ಣ ನನ್ನ ಕಡೆ ನೋಡಿ, "ವೈನಿ, ಎಂಜಿನ್ ಏನ್ ಮಾತಾಡತೈತಿ ಅಂತ ನನಗ ತಿಳೀತೈತಿ. ಹಿಂದಿನ ಮನಿ ನಿಮ್ಮದು. ಅದರ ಸುದ್ದಿ ನನಗ ಕೇಳಬ್ಯಾಡ್ರಿ" ಅಂದರು.

ಬೈಲಹೊಂಗಲಕ್ಕೆ ಬಂದ ಮೇಲೆ ಮನೆಯಿಂದ ಉದ್ದ ವಾಯರು ಎಳೆದು ರಾತ್ರಿಯಿಡೀ ಬ್ಯಾಟರಿ ಚಾರ್ಜ್ ಮಾಡಿದೆವು. ಪಾರು ಹಲಗೆಯ ಪಕ್ಕ ಕುಳಿತು ಏಳಲಿಲ್ಲ. ಅಜ್ಜನಿಂದ ಕಿತ್ತೂರಿನ ಪಾಠವನ್ನು ಮತ್ತೆ ಮತ್ತೆ ಹೇಳಿಸಿಕೊಂಡಳು. ಕೆಂಪು ಹಿಡಿಕೆ ಯಾವಾಗ ಚಾಲೂ, ಯಾವಾಗ ಬಂದ್, ಪಂಪಿನ ಗುಂಡಿ ಯಾವುದು, ಲೈಟಿನದು ಯಾವುದು. ಗೊಂಬೆಗೆ ಪಾಠ ಹೇಳುವ ವಯಸ್ಸು, ಆಡಲಿ ಅಂತ ನಾವು ಬಿಟ್ಟೆವು.

ಮರುದಿನ ಬೆಳಿಗ್ಗೆ ಓಣಿಯ ಹೆಣ್ಣುಮಕ್ಕಳೆಲ್ಲ ಕೂಡಿದರು. ನಮ್ಮಲ್ಲಿ ಹೊಸ ಬೋರ್ ಕೊರೆಸಿದರೂ, ಹೊಸ ಹಂಡೆ ತಂದರೂ ಗಂಗವ್ವನ ಪೂಜೆಯಾಗದೆ ಒಂದು ತಂಬಿಗೆ ನೀರು ತೆಗೆಯುವುದಿಲ್ಲ. ಹಾಗಿರುವಾಗ ಕೂಸಿನ ಜೀವ ಕಾಯುವ ಗಾಡಿಯ ಟಾಕಿಯನ್ನು ಬಿಡುತ್ತೇವೆಯೇ? ತುಂಬಿದ ಟಾಕಿಯ ಬಾಯಿ ತೆಗೆದು ಅರಿಶಿನ-ಕುಂಕುಮ ಹಚ್ಚಿದೆವು. ಐದು ಎಲೆ, ಅರಿಶಿನದ ಕೊಂಬು, ಸೇವಂತಿಗೆ, ಅಕ್ಕಿಕಾಳು ನೀರಿಗೆ ಬಿಟ್ಟು ಕೈಮುಗಿದೆವು. ಒಬ್ಬೊಬ್ಬರೂ ಮುಂದೆ ಬಂದು ಒಂದೊಂದು ಮುಷ್ಟಿ ಅಕ್ಷತೆ ಹಾಕಿದರು. ನಮ್ಮನಿಯವರು ಕಾಯಿ ಒಡೆದು ಆ ನೀರನ್ನೂ ಅದರಲ್ಲೇ ಹನಿಸಿದರು. "ಗಂಗವ್ವಾ, ನಮ್ಮ ಪಾರೂನ್ನ ಕಾಯವ್ವಾ" ಅಂತ ಹಿರಿಯ ಮುತ್ತೈದೆ ಹಾಡಿದಳು. ಮುಖ ನೋಡದ ಮೊಮ್ಮಗನನ್ನು ನೋಡುತ್ತೇನೆ, ಮೊಮ್ಮಗಳನ್ನು ಅವಳ ಮನೆಗೆ ಮುಟ್ಟಿಸುತ್ತೇನೆ. ಇನ್ನೇನು ಬೇಕು?

ಸವದತ್ತಿಯ ದಾರಿಯಲ್ಲಿ ಪಾರು ಕಾಲು ನೆಲಕ್ಕೆ ಇಡಲಿಲ್ಲ. ಹಾಸಿಗೆಯಿಂದ ಬಾಕಿಗೆ, ಬಾಕಿನಿಂದ ನಳಕ್ಕೆ ಜಿಗಿದಳು. ಕೈ ತೊಳೆದಳು, ಗೊಂಬೆಯ ಕೈ ತೊಳೆದಳು. ಉಗರಗೋಳ ಬರುವಷ್ಟರಲ್ಲಿ, "ಆಯಿ, ನೀರು ಸಣ್ಣಗ ಬರಾಕತ್ತೈತಿ" ಅಂದಳು. "ಭಾಳ ಆಡಬ್ಯಾಡ, ಮುಗದೀತು" ಅಂತ ಗದರಿದೆ. ಅವಳು ನಳ ಮುಚ್ಚಿದಳು. ಎಂಜಿನ್ನಿನ ಸದ್ದಿನಲ್ಲಿ ನನಗೆ ಬೇರೆ ಏನೂ ಕೇಳಲಿಲ್ಲ.

ಉಗರಗೋಳದಲ್ಲಿ ಅಂಗಡಿಗಳ ಸಾಲಿನ ಹಿಂದೆ ಬೇವಿನ ನೆರಳಿಗೆ ಗಾಡಿ ಹಚ್ಚಿದೆವು. ಕುಂಕುಮ-ಭಂಡಾರ ಮಾರುವವರ ಕೂಗು, ಕ್ಯಾಸೆಟ್ ಅಂಗಡಿಯ ಹಾಡು, ಕಿವಿ ತೂತು ಬೀಳುವ ಗದ್ದಲ. ಹೇಳಿಕೊಟ್ಟಿದ್ದಂತೆ ದಸ್ತಗೀರಣ್ಣ ಕೆಂಪು ಹಿಡಿಕೆ ಬಂದ್ ಮಾಡಿದರು. ಪಾರು ತನ್ನ ಮನೆಗೆ ಹೋಗುವ ದಿನ ಯಲ್ಲಮ್ಮನ ಉಡಿ ತುಂಬುತ್ತೇನೆ ಅಂತ ನಾನು ಬೇಡಿಕೊಂಡಿದ್ದೆ. ಗುಡ್ಡಕ್ಕೆ ಹೋಗುವಾಗ ನಮ್ಮನಿಯವರು ಹುಡುಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡರು. ಪಾಳಿಯಲ್ಲಿ ಬಹಳ ಹೊತ್ತು ನಿಂತೆವು. ಉಡಿ ತುಂಬಿ, ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡು ಇಳಿಯುವಾಗ ಹೊತ್ತು ಪಡುವಣಕ್ಕೆ ವಾಲಿತ್ತು.

ಗಾಡಿಯ ಬಾಗಿಲು ತೆರೆದೆ. ಒಳಗೆ ಏನೋ ಗುರ್ರೆನ್ನುತ್ತಿತ್ತು. ಕಾಳಿಲ್ಲದೆ ಬೀಸುವ ಗಿರಣಿಯ ಸದ್ದು. ಪಂಪು ಮುಟ್ಟಿದರೆ ಕೈ ಸುಟ್ಟಿತು. ನಳ ತಿರುವಿದರೆ ಒಂದು ಹನಿ ಇಲ್ಲ. ಟಾಕಿ ಬಡಿದು ನೋಡಿದರೆ ಮುಕ್ಕಾಲು ತುಂಬಿದೆ. ನೀರಿದೆ, ಬರುವುದಿಲ್ಲ. ಬೆಳಿಗ್ಗೆ ಪಾರು ನಳ ಮುಚ್ಚಿದರೂ ಪಂಪು ನಿಂತೇ ಇರಲಿಲ್ಲ, ನಾವು ಗುಡ್ಡದ ಮೇಲೆ ಇರುವ ತನಕ ಬರಿಗಾಳಿ ಎಳೆಯುತ್ತಲೇ ಇತ್ತು.

"ದಸ್ತಗೀರಾ, ಇದೇನಾತೋ ಮಾರಾಯಾ?" ಅಂದರು ನಮ್ಮನಿಯವರು.

"ಮೊದಲ ಹೇಳೇನಿ, ಹಿಂದಿನ ಮನಿ ನನ್ನದಲ್ಲ."

"ಹಂಗಂದ್ರ ಯಾರದು? ನಮ್ಮಪ್ಪಂದಾ?"

"ನೀರು ತಾನ? ಎರಡ ಕೊಡಾ ತುಂಬಿಟ್ಟುಕೊಂಡು ನಡೀರಿ. ರಾಮದುರ್ಗದಾಗ ತೋರಿಸಿದ್ರಾತು."

ಪಂಪಿನ ಗುಂಡಿ ಬಂದ್ ಮಾಡಿ, ಅಂಗಡಿಯವಳ ಹತ್ತಿರ ಎರಡು ಕೊಡ ನೀರು ಬೇಡಿ ಇಟ್ಟುಕೊಂಡು ಹೊರಟೆವು. ನೀರಿನ ಚಿಂತೆಯಲ್ಲಿ ಬ್ಯಾಟರಿಯ ನೆನಪು ಯಾರಿಗೂ ಬರಲಿಲ್ಲ. ಆ ಪಂಪು ಅಷ್ಟು ಹೊತ್ತು ತಿಂದದ್ದು ಪಾರುವಿನ ಕರೆಂಟನ್ನೇ ಅಂತ ಯಾರಿಗೂ ಹೊಳೆಯಲಿಲ್ಲ. ಹೊರಡುವ ಅವಸರದಲ್ಲಿ ಕೆಂಪು ಹಿಡಿಕೆಯೂ ಬಂದ್ ಆದಲ್ಲೇ ಉಳಿಯಿತು. ಹಾಸಿಗೆಯ ಮೇಲಿನ ಫ್ಯಾನು ಮೆಲ್ಲಗೆ ತಿರುಗುತ್ತಿತ್ತು. ತಂಪು ಹೊತ್ತಾಯಿತು, ಸಾಕು ಅಂದುಕೊಂಡೆ.

ಉಗರಗೋಳ ಬಿಟ್ಟು ರಾಮದುರ್ಗದ ದಾರಿ ಹಿಡಿದೆವು. ಎರಡೂ ಕಡೆ ಎರೆಹೊಲ, ಕಡಲೆ ಕಿತ್ತ ಹೊಲ. ಕಡಲೆಗಿಡವನ್ನು ಡಾಂಬರಿನ ಮೇಲೆಯೇ ಮೊಣಕಾಲು ಮಟ ಹರವಿದ್ದರು. ಓಡಾಡುವ ಗಾಡಿಗಳ ಗಾಲಿಯೇ ಬಡಿದು ಕಾಳು ಉದುರಿಸಲಿ ಅಂತ ನಮ್ಮ ಕಡೆ ಹೀಗೆ ಮಾಡುತ್ತಾರೆ. ನಮ್ಮ ಹೊಲವಿದ್ದಾಗ ನಾವೂ ಮಾಡಿದವರೇ. ಮುಂದೆ ಹೋಗುತ್ತಿದ್ದ ಲಾರಿ ಹೊಟ್ಟನ್ನೆಲ್ಲ ಎಬ್ಬಿಸಿತು. ಬಿಳಿ ಹೊಗೆಯಂಥ ಹೊಟ್ಟು ಕಿಡಕಿಯ ಸಂದಿಯಿಂದ ಒಳಗೆ ಬಂತು. ಕಡಲೆಯ ಹುಳಿ ಮೈಗೆ ಹತ್ತಿದರೇ ಉರಿಯುತ್ತದೆ, ಆ ಎಳೆ ಎದೆಗೆ ಏನಾಗಬೇಡ? ಪಾರು ಒಮ್ಮೆ ಕೆಮ್ಮಿದಳು. ಮತ್ತೊಮ್ಮೆ ಕೆಮ್ಮಿದಳು. ಆಮೇಲೆ ಕೆಮ್ಮುವುದಕ್ಕೂ ಉಸಿರು ಸಾಲಲಿಲ್ಲ.

ನಾನು ಹಲಗೆಯ ಗೋಡೆ ಗುದ್ದಿದೆ. ದಸ್ತಗೀರಣ್ಣ ಹೊಟ್ಟು ದಾಟಿಸಿ ಗಾಡಿ ನಿಲ್ಲಿಸಿದರು. ಮಷಿನ್ ತೆಗೆದೆ, ಔಷಧ ಹಾಕಿದೆ, ಮೂಗಿಗೆ ಮುಚ್ಚಳ ಕಟ್ಟಿದೆ, ಗುಂಡಿ ಒತ್ತಿದೆ. ಕುಂಯ್ ಅಂತು, ನಿಂತಿತು. ಇನ್ವರ್ಟರ್ ಮೇಲಿನ ಕೆಂಪು ದೀಪ ಮಿಣುಕಿ ಆರಿತು. ಮತ್ತೆ ಒತ್ತಿದೆ. ಏನೂ ಇಲ್ಲ. ಟ್ಯೂಬ್‌ಲೈಟಿನ ಗುಂಡಿ ಒತ್ತಿದೆ. ಕತ್ತಲೆ.

ಪಾರು ಎರಡೂ ಅಂಗೈ ಹಾಸಿಗೆಗೆ ಊರಿ, ಹೆಗಲು ಎತ್ತಿ, ಗಾಳಿ ಹುಡುಕುತ್ತಿದ್ದಳು. ನಮ್ಮನಿಯವರು ಹಿಂದೆ ಓಡಿ ಬಂದರು. ಹಲಗೆ ಎತ್ತಿ ಬ್ಯಾಟರಿಯ ವಾಯರನ್ನು ಅಲುಗಾಡಿಸಿದರು, ಗುದ್ದಿದರು. "ದಸ್ತಗೀರಾ, ಎಂಜಿನ್ ಚಾಲೂ ಮಾಡೋ!" ಎಂಜಿನ್ ಚಾಲೂ ಆಯಿತು. ಮಷಿನ್ ಆಗಲಿಲ್ಲ. ಸುತ್ತಮುತ್ತ ಒಂದು ಮನೆಯಿಲ್ಲ, ಕಂಬವಿಲ್ಲ. ರಾಮದುರ್ಗ ಇನ್ನೂ ದೂರ. ಎಲ್ಲ ಮುಗಿಯಿತು ಅನ್ನಿಸಿತು. ಗಂಗವ್ವನನ್ನೂ ಯಲ್ಲಮ್ಮನನ್ನೂ ಕರೆಯಲಿಕ್ಕೆ ಬಾಯಿ ಬರಲಿಲ್ಲ. ಇಬ್ಬರಿಗೂ ಆ ದಿನವೇ ಪೂಜೆ ಮಾಡಿ ಬಂದಿದ್ದೆ. ನಮ್ಮ ಹತ್ತಿರ ಸುಖವಾಗಿದ್ದ ಕೂಸನ್ನು ಎಬ್ಬಿಸಿ ತಂದು ಈ ಬಯಲಿನಲ್ಲಿ ಕಳೆದೆವಲ್ಲ, ಶಶಿಗೆ ಏನು ಮುಖ ತೋರಿಸಲಿ ಅಂತ ಅದೊಂದೇ ತಲೆಯಲ್ಲಿ ಸುತ್ತಿತು.

ಆಗ ಪಾರು ನನ್ನ ಸೆರಗು ಜಗ್ಗಿದಳು. ಮಾತಿಗೆ ಉಸಿರಿಲ್ಲ. ಬೆರಳು ಮಾಡಿ ಹಲಗೆಯ ಬದಿಗೆ ತೋರಿಸಿದಳು. ನನಗೆ ತಿಳಿಯಲಿಲ್ಲ. ನೀರು ಕೇಳುತ್ತಾಳೆ ಅಂತ ತಂಬಿಗೆ ಹಿಡಿದೆ. ಅವಳು ತಂಬಿಗೆ ತಳ್ಳಿ, ಬಗ್ಗಿ, ಕೆಂಪು ಹಿಡಿಕೆಯ ಮೇಲೆ ಅಂಗೈಯಿಂದ ಬಡಿದಳು. ಬಲ ಸಾಲದೆ ಅದು ತಿರುಗಲಿಲ್ಲ. ಮತ್ತೆ ಬಡಿದಳು. ನಮ್ಮನಿಯವರು, "ಅಯ್ಯೋ, ಬಂದ್ ಐತೇ!" ಅಂತ ಕೂಗಿ ತಿರುವಿದರು.

ಮೊದಲು ಇನ್ವರ್ಟರ್ ಕುಂಯ್‌ಗುಟ್ಟಿತು. ದಸ್ತಗೀರಣ್ಣ ಎಕ್ಸಲೇಟರ್ ಒತ್ತಿ ಹಿಡಿದರು. ಬಹಳ ಹೊತ್ತು, ನನಗಂತೂ ಒಂದು ಯುಗ, ಕೆಂಪು ದೀಪ ಮಿಣುಕಿತು. ಆಮೇಲೆ ಹಸಿರಾಯಿತು. ಮಷಿನ್ ಗರಗರ ಅಂತ ಹೊಗೆ ಬಿಟ್ಟಿತು. ದಸ್ತಗೀರಣ್ಣ ಕಾಲು ತೆಗೆಯಲಿಲ್ಲ. "ಬಂತೇನ್ ವೈನಿ? ಬಂತೇನ್?" ಅಂತ ಮುಂದಿನಿಂದ ಕೂಗುತ್ತಲೇ ಇದ್ದರು. ಪಾರುವಿನ ತುಟಿಗೆ ಬಣ್ಣ ಬರುವ ತನಕ ನಾನು "ಬಂತು" ಅನ್ನಲಿಲ್ಲ. ಅಂದಾಗ ಆ ದೊಡ್ಡ ಗಂಡಸು ಸ್ಟೇರಿಂಗ್ ಮೇಲೆ ತಲೆ ಇಟ್ಟುಬಿಟ್ಟರು.

ರಾಮದುರ್ಗದಲ್ಲಿ ಒಬ್ಬ ಡಾಕ್ಟರು ಪಾರುವನ್ನು ನೋಡಿ, ಇಂಜೆಕ್ಷನ್ ಕೊಟ್ಟು, "ಇಂಥ ಹುಡುಗೀನ್ನ ಹಳ್ಳಿಗೆ ಯಾಕ ಒಯ್ಯತೀರಿ?" ಅಂದರು. ಆ ರಾತ್ರಿ ದವಾಖಾನೆಯ ಬಾಕಿನ ಮೇಲೆ ಪಾರು ನನ್ನ ತೊಡೆಯ ಮೇಲೆ ಮಲಗಿದಳು. ನಮ್ಮನಿಯವರು ಗೋಡೆ ನೋಡುತ್ತ ಹೇಳಿದರು, "ಮೂರು ಮಂದಿ ಹಿರೇರು ಇದ್ವಿ. ಒಬ್ಬರಿಗೂ ನೆನಪಾಗಲಿಲ್ಲ. ಶಶಿ ಬಾಣಂತಿ, ಅಳಿಯ ಹೊಲದಾಗ ಇರತಾನ. ಅಲ್ಲಿ ಬಿಟ್ಟು ಬಂದ್ರ ನಮಗ ನಿದ್ದಿ ಬಂದೀತೇನು? ಕೂಸಿನ ಮುಖಾ ನೋಡೂಣು, ಪಾರೂನ್ನ ಕರಕೊಂಡು ಹೊಳ್ಳಿ ಹೋಗೂಣು." ನಾನು ಹೂಂ ಅಂದೆ. ಇಷ್ಟು ದಿನ ಕಟ್ಟಿದ್ದೆಲ್ಲ ಆ ಒಂದು ಹೂಂನಲ್ಲಿ ಬಿತ್ತು.

ಮರುದಿನ ಬೆಳಿಗ್ಗೆ ಸುರೇಬಾನಕ್ಕೆ ಮುಟ್ಟಿದಾಗ ಶಶಿ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು. ಮೊಮ್ಮಗನ ಮುಖ ನೋಡಿದೆ. ಅವರಜ್ಜನ ಮೂಗೇ. ಸಂತೋಷಕ್ಕೂ ದುಃಖಕ್ಕೂ ಕಣ್ಣೀರು ಒಂದೇ, ಯಾವುದು ಅಂತ ಯಾರೂ ಕೇಳಲಿಲ್ಲ. ಪಾರು ತಮ್ಮನ ಅಂಗಾಲು ಮುಟ್ಟಿ, "ಎಷ್ಟ ಮೆತ್ತಗ ಅದಾವ!" ಅಂದಳು.

ಅಳಿಯ ಮಲ್ಲೇಶಿ ಟಾಕಿ ಬಿಚ್ಚಿ ಅಂಗಳದಲ್ಲಿ ಬೋರಲು ಹಾಕಿದ. ಪಂಪಿನ ಕೊಳವೆಯ ಬಾಯಿಗೆ ಒಂದು ವೀಳ್ಯದೆಲೆ ಅಂಟಿಸಿದ ಹಾಗೆ ಹತ್ತಿಕೊಂಡಿತ್ತು. ಅದರ ಸುತ್ತ ನೆನೆದು ಉಬ್ಬಿದ ಅಕ್ಕಿ, ಸೇವಂತಿಗೆಯ ಎಸಳು. ದಸ್ತಗೀರಣ್ಣ ಎಲೆಯನ್ನು ಬೆರಳಲ್ಲಿ ಎತ್ತಿ ಹಿಡಿದು, "ವೈನಿ, ಒಂದ ಅಡಿಕಿ, ಚೂರು ಸುಣ್ಣಾ ಹಾಕಿದ್ರ ಗಂಗವ್ವ ಬಾಯಿ ಕೆಂಪು ಮಾಡ್ಕೊಂಡು ಸುಮ್ಮನ ಕುಂಡ್ರತಿದ್ಲು" ಅಂದರು. ಯಾರಿಗೂ ನಗು ಬರಲಿಲ್ಲ. ಅವರಿಗೂ ಬರಲಿಲ್ಲ.

ಊಟವಾದ ಮೇಲೆ ನಮ್ಮನಿಯವರು ಪಾರುವನ್ನು ಹೊಳ್ಳಿ ಕರೆದೊಯ್ಯುವ ಮಾತು ತೆಗೆದರು. ಶಶಿ ಕೂಸಿಗೆ ಹಾಲು ಕುಡಿಸುತ್ತಿದ್ದವಳು ತಲೆ ಎತ್ತಿದಳು. "ಟಾಕಿಯೊಳಗ ಎಲಿ ಹಾಕಿದವರು ನೀವು. ಶಿಕ್ಷಾ ನನಗ್ಯಾಕ, ಅಪ್ಪಾ?"

"ಶಿಕ್ಷಾ ಅಲ್ಲವ್ವಾ, ಅಂಜಿಕಿ."

"ಏಳು ವರ್ಷ ನಾನೂ ಅಂಜೇನಿ. ಬಸ್ಸಿನ್ಯಾಗ ಕುಂತು ಅಂಜೇನಿ. ಮಗಳು ನನಗ 'ಹೋಗಿ ಬರ್ರಿ' ಅಂದ ದಿನಾ ಅಂಜೇನಿ."

ಅಷ್ಟರಲ್ಲಿ ಯಾವತ್ತಿನಂತೆ ಊರಿನ ಕರೆಂಟು ಹೋಯಿತು. ಪಾರು ಎದ್ದು ಅವ್ವನ ಕೈ ಹಿಡಿದು ಗಾಡಿಗೆ ಕರೆದುಕೊಂಡು ಹೋದಳು. ಸೆರಗಿಗೆ ಹತ್ತಿದ ಮುಳ್ಳಿನಂತೆ ನಾನೂ ನಮ್ಮನಿಯವರೂ ಹಿಂದೆ ಹೋದೆವು. "ಮನಿ ಕರೆಂಟು ಇದ್ದಾಗ ಈ ವಾಯರು ಹಚ್ಚಬೇಕು. ಗಾಡಿ ನಿಂತೈತಿ, ಅದಕ ಕೆಂಪದು ಬಂದ್. ಬ್ಯಾಟರಿ ಪೂರ್ತಿ ಖಾಲಿ ಆತಂದ್ರ ಎಂಜಿನ್ ಚಾಲೂ ಮಾಡು, ಆಗ ಕೆಂಪದು ಚಾಲೂ. ಪಂಪಿನ ಗುಂಡಿ, ನೀರು ತಗೊಂಡ ಮ್ಯಾಲ ಬಂದ್." ಒಂದೊಂದನ್ನೂ ಮುಟ್ಟಿ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಮತ್ತ ಟಾಕಿಯೊಳಗ ಏನೂ ಹಾಕೂದಿಲ್ಲ. ಪೂಜೆ ಮಾಡೂದಿದ್ರ ಹೊರಗ ಮಾಡ್ರಿ" ಅಂದಳು. ಬೆಳಿಗ್ಗೆಯಿಂದ ಮನೆಯ ವಾಯರಿನಿಂದ ಚಾರ್ಜ್ ಆಗಿದ್ದ ಬ್ಯಾಟರಿಯ ಮೇಲೆ ಮಷಿನ್ನಿನ ಗುಂಡಿ ಒತ್ತಿದಳು. ಗರಗರ ಅಂತ ನಡೆಯಿತು. ಶಶಿ ಮೊದಲು ಮಷಿನ್ ನೋಡಿದಳು, ಆಮೇಲೆ ತಂದೆಯನ್ನು ನೋಡಿದಳು. ನಮ್ಮನಿಯವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಬಯಲಿನಲ್ಲಿ ನಮಗೆ ನೆನಪಾಗದ್ದು ಅವಳಿಗೆ ನೆನಪಿತ್ತು. ಉಸಿರಿಲ್ಲದಾಗಲೂ ನೆನಪಿತ್ತು.

ಮಲ್ಲೇಶಿಗೆ ಎಂಜಿನ್ ಚಾಲೂ ಮಾಡಲು ಕಲಿಸುತ್ತೇನೆ ಅಂತ ದಸ್ತಗೀರಣ್ಣ ನಾಲ್ಕು ದಿನ ಅಲ್ಲೇ ಉಳಿದರು. ನಾವಿಬ್ಬರೂ ಮರುದಿನ ಸಂಜೆಯ ಬಸ್ಸು ಹಿಡಿದೆವು. ಪಾರು ಬಾಗಿಲ ತನಕ ಬಂದಳು, ಬಸ್ ನಿಲ್ದಾಣಕ್ಕೆ ಬರಲಿಲ್ಲ. ದಾರಿಯಲ್ಲಿ ಧೂಳು. ಎಡಗೈಯಲ್ಲಿ ತಮ್ಮನ ಟೊಪ್ಪಿಗೆ ಹಿಡಿದು, ಬಲಗೈ ಬೀಸಿ, "ಹೋಗಿ ಬರ್ರಿ, ಆಯಿ" ಅಂದಳು. ಶಶಿ ಅವಳ ಹಿಂದೆ ನಿಂತಿದ್ದಳು.

ಬಸ್ಸು ಊರ ಹೊರಗೆ ಹೊರಳಿದಾಗ ತಿರುಗಿ ನೋಡಿದೆ. ಕರೆಂಟು ಹೋಗಿ ಇಡೀ ಸುರೇಬಾನ ಮಬ್ಬಿನಲ್ಲಿ ಮುಳುಗಿತ್ತು. ಒಂದೇ ಒಂದು ಕಿಡಕಿಯಲ್ಲಿ ಬಿಳಿ ಟ್ಯೂಬ್‌ಲೈಟು ಹತ್ತಿತ್ತು. ಪರದೆ ಸರಿಸಿ ಯಾರೋ ಗಿಡ್ಡಗೆ ನಿಂತ ಹಾಗೆ ಕಂಡಿತು. ಬೇವಿನ ಗಿಡ ಅಡ್ಡ ಬಂತು.

ಕಂಡಕ್ಟರು ಬಂದು, "ಎಲ್ಲಿಗ್ರಿ ಅಜ್ಜಾರ?" ಅಂದ.

ನಮ್ಮನಿಯವರು ಹೊರಗೆ ನೋಡುತ್ತಲೇ, ಹಳೆಯ ರೂಢಿಯಂತೆ, "ಬೈಲಹೊಂಗಲ. ಎರಡೂವರಿ" ಅಂದರು.

ಕಂಡಕ್ಟರು ನಮ್ಮ ನಡುವಿನ ಖಾಲಿ ಜಾಗ ನೋಡಿದ. "ಅರ್ಧಾ ಎಲ್ಲೈತ್ರಿ?"

"ಅದು ಅವರ ಮನ್ಯಾಗ ಐತಪ್ಪಾ" ಅಂದೆ ನಾನು. "ಎರಡ ಕೊಡು."